ಬನವಾಸಿಯಲ್ಲಿ ಒಂದು ದಿನ



ಬನವಾಸಿಗೆ ಹೋಗಿ ಬಂದ ವೃತ್ತಾಂತವನ್ನು ತಮ್ಮ ಮುಂದೆ ಹೇಳಬೇಕೆಂದು ಈ ವಾಚನಾಲಯದ ಚಾಲಕರು ನಮಗೆ ಅಪ್ಪಣೆ ಮಾಡಿದ್ದಾರೆ. ಪ್ರವಾಸವೃತ್ತಾಂತವೆಂದರೆ ಎಷ್ಟು ಗಂಟೆಗೆ ಹೊರಟೆವು, ಎಲ್ಲಿ ಉಪಾಹಾರ ಮಾಡಿದೆವು, ಯಾರ ಚಪ್ಪಲಿಯ ಬಾರು ಎಲ್ಲಿ ಹರಿಯಿತು ಎಂಬ ಪಟ್ಟಿಯಾಗುವದೇ ರೂಢಿ. ಅದನ್ನು ನಾವು ಒಂದೆರಡು ಮಾತುಗಳಲ್ಲಿ ಮುಗಿಸುವೆವು. ನಮಗೆ ಹೇಳಬೇಕೆನಿಸಿದ ಸಂಗತಿಯೇ ಬೇರೆ. ಬನವಾಸಿಯು ಕನ್ನಡಿಗರ ಮೊದಲ ರಾಜಧಾನಿಯೆಂದು ನಾವು ಸಭೆಸಭೆಗಳಲ್ಲಿ ಹೇಳುತ್ತ ಬಂದಿದ್ದೇವೆ; ಆ ಹೆಸರು ಕಿವಿಗೆ ಬಿದ್ದ ಕೂಡಲೆ ಚಪ್ಪಾಳೆಯಾಗುವದು. ಆದರೆ ಆ ಮಾತಿಗೆ ಆಧಾರವೇನು, ಆ ಆಧಾರವು ಎಲ್ಲಿದೆ, ಅದನ್ನು ಕಣ್ಣಾರೆ ಕಂಡವರು ಎಷ್ಟು ಜನ ಎಂದು ಕೇಳಿದರೆ ಸಭೆಯು ಮೌನವಾಗುವದು. ವಕೀಲಿಯಲ್ಲಿ ದಿನಗಳೆಯುವ ನಮ್ಮಂಥವರಿಗೆ ಈ ಮೌನವು ಸಹಿಸುವಂಥದಲ್ಲ. ಮೂಲ ದಸ್ತಾವೇಜನ್ನು ನೋಡದೆ, ಅದರ ನಕಲನ್ನೂ ಓದದೆ, ಮನೆತನದ ಆಸ್ತಿಯ ವಿಷಯದಲ್ಲಿ ಗಟ್ಟಿಯಾಗಿ ಮಾತನಾಡುವ ಕಕ್ಷಿದಾರನ ಗತಿಯು ಪಾಟೀಸವಾಲಿನಲ್ಲಿ ಏನಾಗುವದೆಂಬುದನ್ನು ನಾವು ಬೇಕಾದಷ್ಟು ಸಾರೆ ಕಂಡಿದ್ದೇವೆ. ಆದುದರಿಂದ ಬನವಾಸಿಗೆ ಹೋಗುವಾಗ ನಾವು ದೇವರ ದರ್ಶನದ ಜೊತೆಗೆ ದಸ್ತಾವೇಜಿನ ದರ್ಶನವನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೋಗಿದ್ದೆವು.

ಸಂಕ್ರಮಣ ಕಳೆದ ಮೇಲಿನ ಒಂದು ರವಿವಾರ ಬೆಳಿಗ್ಗೆ ನಾವು ಹದಿನಾಲ್ಕು ಜನ ಶಿರಸಿಯಿಂದ ಮೋಟಾರಿನಲ್ಲಿ ಹೊರಟೆವು. ಇಬ್ಬರು ಶಿಕ್ಷಕರು, ಒಬ್ಬ ವೈದ್ಯರು, ಒಬ್ಬ ಅಡಕೆಯ ವ್ಯಾಪಾರಿಗಳು. ಉಳಿದವರು ಕಾಲೇಜಿನ ವಿದ್ಯಾರ್ಥಿಗಳು ಮತ್ತು ಅವರ ತಾಯಂದಿರು. ಬನವಾಸಿಯು ಶಿರಸಿಯಿಂದ ಸುಮಾರು ೨೩ ಕಿಲೋಮೀಟರು. ಇಷ್ಟು ಚಿಕ್ಕ ದಾರಿಯಲ್ಲಿಯೇ ನಾಡಿನ ಮೋರೆಯು ಬದಲಾಗುವದು. ಅಡಕೆಯ ತೋಟಗಳೂ ಬೆಟ್ಟದ ಇಳಿಜಾರುಗಳೂ ಹಿಂದೆ ಸರಿದು, ಬಯಲಾದ ಗದ್ದೆಗಳೂ ಅನಾನಸಿನ ಹೊಲಗಳೂ ಎದುರಾಗುವವು. ಮಲೆನಾಡು ತನ್ನ ಸೆರಗನ್ನು ಬಯಲುಸೀಮೆಯ ಮೇಲೆ ಹಾಸಿದ ಸ್ಥಳವಿದು. ಈ ಜಾಗವನ್ನು ರಾಜಧಾನಿಗಾಗಿ ಆರಿಸಿದವರು ಬುದ್ಧಿವಂತರೇ ಸರಿ. ಬೆನ್ನಿಗೆ ಕಾಡು, ಮುಂದೆ ಅನ್ನ ಬೆಳೆಯುವ ಬಯಲು, ಘಟ್ಟವಿಳಿದರೆ ಸಮುದ್ರದ ಬಂದರುಗಳು, ಊರ ಸುತ್ತ ಹೊಳೆ.

ಊರಿಗೆ ಇನ್ನೂ ೫ ಕಿಲೋಮೀಟರು ಇರುವಾಗ ಗುಡ್ನಾಪುರದ ಕೆರೆಯ ಬಳಿ ಮೋಟಾರು ನಿಲ್ಲಿಸಿದೆವು. ಕೆರೆಯು ದೊಡ್ಡದು, ಗಾಳಿಯು ತಂಪಾದುದು. ವಿದ್ಯಾರ್ಥಿಗಳು ಫೋಟೋ ತೆಗೆಯುವದರಲ್ಲಿ ತೊಡಗಿದರು. ನಾವು ಅವರಿಗೆ ಹೇಳಿದ್ದಿಷ್ಟೆ: ಈ ಹಳ್ಳಿಯಲ್ಲಿ ೧೯೭೧ರಲ್ಲಿ ಒಂದು ಶಾಸನದ ಕಂಬ ಬೆಳಕಿಗೆ ಬಂದಿತು. ಅದು ಕದಂಬ ರವಿವರ್ಮನದು. ಆರನೆಯ ಶತಮಾನದ ಆರಂಭದ ಸಂಸ್ಕೃತ ಶಾಸನ. ರವಿವರ್ಮನು ಇಲ್ಲಿ ಕಾಮಜಿನಾಲಯವೆಂಬ ಗುಡಿಯನ್ನು ಕಟ್ಟಿಸಿದ್ದು, ಅದರ ಹತ್ತಿರದಲ್ಲಿ ಅರಮನೆಯೂ ನೃತ್ಯಶಾಲೆಗಳೂ ಇದ್ದುದು, ವಸಂತದ ಉತ್ಸವಕ್ಕೆ ದತ್ತಿ ಬಿಟ್ಟದ್ದು, ಇವೆಲ್ಲ ಅದರಿಂದ ತಿಳಿದವು. ಇದಕ್ಕಿಂತಲೂ ಮಹತ್ವದ ಮಾತು ಇನ್ನೊಂದುಂಟು. ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನು ವೀರಶರ್ಮನೆಂಬ ಗುರುವಿನ ಜೊತೆಗೆ ಕಂಚಿಗೆ ವಿದ್ಯೆಗಾಗಿ ಹೋದನೆಂದು ತಾಳಗುಂದದ ಕಂಬವು ಮೊದಲೇ ಹೇಳಿತ್ತು. ಆ ವೀರಶರ್ಮನು ಯಾರು? ಗುಡ್ನಾಪುರದ ಕಂಬವು ಉತ್ತರ ಕೊಟ್ಟಿತು: ವೀರಶರ್ಮನ ಮಗ ಬಂಧುಷೇಣ, ಬಂಧುಷೇಣನ ಮಗ ಮಯೂರ. ಮೊಮ್ಮಗನನ್ನು ಅಜ್ಜನೇ ಕೈಹಿಡಿದು ಕಂಚಿಗೆ ಕರೆದೊಯ್ದಿದ್ದನು. ಎರಡು ಬೇರೆಬೇರೆ ಕಂಬಗಳು, ಒಂದನ್ನು ಬರೆಯಿಸಿದವನಿಗೂ ಇನ್ನೊಂದನ್ನು ಬರೆಯಿಸಿದವನಿಗೂ ಅರ್ಧ ಶತಮಾನಕ್ಕೂ ಹೆಚ್ಚಿನ ಅಂತರ. ಆದರೂ ಒಂದರ ಮಾತು ಇನ್ನೊಂದರ ಮಾತನ್ನು ಗಟ್ಟಿಗೊಳಿಸುವದು. ನ್ಯಾಯಾಲಯದಲ್ಲಿ ಇದಕ್ಕಿಂತ ಒಳ್ಳೆಯ ಪುರಾವೆಯನ್ನು ಯಾರೂ ಅಪೇಕ್ಷಿಸಲಾರರು. ಆಲೂರ ವೆಂಕಟರಾಯರು ೧೯೧೭ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದಾಗ ಈ ಕಂಬವು ಬೆಳಕಿಗೆ ಬಂದಿರಲಿಲ್ಲವೆಂಬುದನ್ನು ನೆನೆಯಬೇಕು. ಆ ಹಿರಿಯರು ನಮಗಿಂತ ಕಡಿಮೆ ಆಧಾರಗಳನ್ನಿಟ್ಟುಕೊಂಡು ನಮಗಿಂತ ಹೆಚ್ಚು ಓದಿದರು.

ಬನವಾಸಿಯಲ್ಲಿ ನಮ್ಮನ್ನು ಎದುರುಗೊಂಡ ಮಾರ್ಗದರ್ಶಕನು ಅದೇ ಊರಿನ ಇಪ್ಪತ್ತೈದು ವರ್ಷದ ಯುವಕ. ಮಾತು ಚುರುಕು, ಕಾಲು ಇನ್ನೂ ಚುರುಕು. ನಮ್ಮ ತಾಯಂದಿರು ಅವನನ್ನು ‘ತಮ್ಮಾ’ ಎಂದು ಕರೆಯತೊಡಗಿದ ಮೇಲೆ ಅವನು ನಮ್ಮಲ್ಲೊಬ್ಬನೇ ಆಗಿಬಿಟ್ಟನು. ಮಧುಕೇಶ್ವರನ ಗುಡಿಯ ಬಾಗಿಲಿನ ಆನೆಗಳಿಂದ ಆರಂಭಿಸಿ ಅವನು ನಮ್ಮನ್ನು ಒಳಗೆ ಕರೆದೊಯ್ದನು. ಹಲವು ಕಾಲದ, ಹಲವು ಅರಸರ ಕೈಗಳು ಕೂಡಿ ಆದ ಗುಡಿಯಿದು. ಗರ್ಭಗುಡಿಯ ಮೇಲಿನ ಮೆಟ್ಟಿಲುಮೆಟ್ಟಿಲಾದ ಶಿಖರವು ಒಂದು ಬಗೆಯದು. ಮುಂದಿನ ಮಂಟಪದ ಕಡೆದ ಕಂಬಗಳು ಇನ್ನೊಂದು ಬಗೆಯವು. ಸೋದೆಯ ಅರಸರು ಕೊಟ್ಟ ಕಲ್ಲಿನ ಮಂಚವು ಇವೆಲ್ಲಕ್ಕಿಂತ ಈಚಿನದು. ಆ ಮಂಚದ ಕೆತ್ತನೆಯನ್ನು ನೋಡಿ ನಮ್ಮ ಅಡಕೆಯ ವ್ಯಾಪಾರಿಗಳು, ಮರದಲ್ಲಿಯೂ ಇಷ್ಟು ನವುರಾಗಿ ಕೆತ್ತುವವರು ಈಗ ಸಿಕ್ಕಲಾರರೆಂದು ನಿಟ್ಟುಸಿರುಬಿಟ್ಟರು. ಸ್ವರ್ಗ-ಮರ್ತ್ಯ-ಪಾತಾಳಗಳನ್ನು ತೋರಿಸುವ ತ್ರಿಲೋಕಮಂಟಪ, ಅಂಗಳದ ಸುತ್ತಲೂ ನಿಂತ ಅಷ್ಟದಿಕ್ಪಾಲಕರು, ಅರ್ಧಗಣಪತಿ, ಇವೆಲ್ಲವನ್ನೂ ಅವನು ತೋರಿಸಿದನು. ಮುಂದಿನ ದೊಡ್ಡ ನಂದಿಯ ಒಂದು ಕಣ್ಣು ಶಿವನ ಮೇಲೆ, ಇನ್ನೊಂದು ಕಣ್ಣು ಪಾರ್ವತಿಯ ಮೇಲೆ ಇರುವದೆಂದು ಹೇಳಿ, ನಮ್ಮೆಲ್ಲರನ್ನೂ ಬಗ್ಗಿಸಿ ನೋಡಿಸಿದನು. ನೃತ್ಯಮಂಟಪದ ನಾಲ್ಕು ಕಂಬಗಳ ನಯವು ಎಂಥದೆಂದರೆ, ಉಬ್ಬಿದ ಕಡೆಯಲ್ಲಿ ನಮ್ಮ ಬಿಂಬವು ನೇರವಾಗಿಯೂ ತಗ್ಗಾದ ಕಡೆಯಲ್ಲಿ ತಲೆಕೆಳಗಾಗಿಯೂ ಕಾಣುವದು. ವಿದ್ಯಾರ್ಥಿಗಳು ಅಲ್ಲಿಂದ ಅಲುಗಾಡಲೊಲ್ಲರು.

ಇಲ್ಲಿ ಮಾರ್ಗದರ್ಶಕನು, ಈ ಮಂಟಪದಲ್ಲಿ ನಾಟ್ಯರಾಣಿ ಶಾಂತಲೆಯು ಕುಣಿದಳೆಂದು ಹೇಳಿದನು. ಹೆಣ್ಣುಮಕ್ಕಳೆಲ್ಲ ಮಂಟಪವನ್ನು ಇನ್ನೊಮ್ಮೆ ಭಕ್ತಿಯಿಂದ ನೋಡಿದರು. ಶಾಂತಲೆಯು ಹೊಯ್ಸಳ ವಿಷ್ಣುವರ್ಧನನ ರಾಣಿ. ಅವಳ ಹೆಸರನ್ನು ಹೊತ್ತ ಕಲ್ಲುಗಳು ಬೇಲೂರಿನಲ್ಲಿಯೂ ಶ್ರವಣಬೆಳಗೊಳದಲ್ಲಿಯೂ ಇವೆ. ಅವಳು ಶಿವಗಂಗೆಯಲ್ಲಿ ತೀರಿಕೊಂಡಳೆಂಬುದು ಶ್ರವಣಬೆಳಗೊಳದ ಶಾಸನದಿಂದ ತಿಳಿದ ಮಾತು. ಬನವಾಸಿಯ ಮಂಟಪದ ಮಾತು ಕೇಳಿಕೆಯ ಸಾಕ್ಷಿಯಷ್ಟೇ. ಕೇಳಿಕೆಯ ಸಾಕ್ಷಿಯನ್ನು ಕಾಯದೆಯು ಒಪ್ಪುವದಿಲ್ಲ. ಹಾಗೆಂದು ನಾವು ಅವನ ಮಾತನ್ನು ಕಡಿಯಲಿಲ್ಲ. ಊರಿನವರು ತಮ್ಮ ಗುಡಿಯನ್ನು ಪ್ರೀತಿಸುವ ರೀತಿಯೇ ಹಾಗೆ. ನಮಗೆ ಕೆಡುಕೆನಿಸಿದ್ದು ಬೇರೊಂದು ಕಾರಣಕ್ಕೆ. ಇದೇ ಗುಡಿಯಲ್ಲಿ ಅಲ್ಲಮನು ಮದ್ದಳೆ ಬಾರಿಸಿದನೆಂದೂ, ಬನವಾಸಿಯ ಅರಸನಾದ ಮಮಕಾರನ ಮಗಳು ಮಾಯಾದೇವಿಯು ಆ ಮದ್ದಳೆಗೆ ಮರುಳಾದಳೆಂದೂ ಹದಿನೈದನೆಯ ಶತಮಾನದ ಚಾಮರಸನು ‘ಪ್ರಭುಲಿಂಗಲೀಲೆ’ಯಲ್ಲಿ ಕಥೆ ಕಟ್ಟಿದ್ದಾನೆ. ಅದೂ ಇತಿಹಾಸವಲ್ಲ, ಕಾವ್ಯವೇ. ಆದರೆ ಈ ಗುಡಿಯ ಹೆಸರನ್ನೇ ಹಿಡಿದು ಒಬ್ಬ ದೊಡ್ಡ ಕನ್ನಡ ಕವಿಯು ಬರೆದ ಕಥೆ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮನೆಯಲ್ಲಿ ಬಂಗಾರದ ಬಳೆ ಇರಲು ನೆರೆಮನೆಯಿಂದ ಹಿತ್ತಾಳೆಯ ಬಳೆ ಕಡತಂದಂತೆ ಆಯಿತು.

ಈಗ ನಾವು ಬಂದ ಕೆಲಸಕ್ಕೆ ಬರೋಣ. ಗುಡಿಯ ಅಂಗಳದಲ್ಲಿ ಐದು ಹೆಡೆಯ ನಾಗರ ಕಲ್ಲೊಂದು ಇದೆ. ಮಾರ್ಗದರ್ಶಕನು ಅದರ ಮುಂದೆ ಹಾಯುವಾಗ “ಇದು ನಾಗದೇವರು” ಎಂದು ಕೈಮುಗಿದು ಮುನ್ನಡೆದನು. ನಾವು ಅವನನ್ನು ನಿಲ್ಲಿಸಿದೆವು.

ಬಂಧುಗಳೇ, ಈ ಕಲ್ಲಿನ ಅಂಚಿನಲ್ಲಿ ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಬರೆವಣಿಗೆಯಿದೆ. ಕದಂಬರಿಗಿಂತ ಮುಂಚೆ ಈ ನಾಡನ್ನು ಆಳಿದ ಚುಟು ವಂಶದವನಾದ ಹಾರಿತೀಪುತ್ರ ವಿಷ್ಣುಕಡ ಚುಟುಕುಲಾನಂದ ಸಾತಕರ್ಣಿಯ ೧೨ನೆಯ ಆಳಿಕೆಯ ವರ್ಷದ್ದು. ಅರಸನ ಮಗಳೊಬ್ಬಳು ಒಂದು ನಾಗವನ್ನೂ, ಒಂದು ಕೆರೆಯನ್ನೂ, ಒಂದು ವಿಹಾರವನ್ನೂ ದಾನ ಮಾಡಿದಳೆಂದು ಅದು ಹೇಳುವದು. ಕೆಲಸದ ಮೇಲ್ವಿಚಾರಣೆ ನಡೆಸಿದ ಅಮಾತ್ಯನ ಹೆಸರೂ ಅದರಲ್ಲಿದೆ. ನಾಗವನ್ನು ಕೆತ್ತಿದವನ ಹೆಸರೂ ಇದೆ: ನಟಕ. ಅವನು ಯಾವ ಆಚಾರ್ಯನ ಶಿಷ್ಯನೆಂಬುದನ್ನೂ ಬಿಟ್ಟಿಲ್ಲ. ದಾನ ಕೊಟ್ಟವಳು, ಕೊಟ್ಟ ವಸ್ತು, ಕೊಟ್ಟ ವರ್ಷ, ಕೆಲಸ ಮಾಡಿಸಿದವನು, ಮಾಡಿದವನು ಎಲ್ಲರೂ ಬಂದುಬಿಟ್ಟರು. ಒಂದು ಬಕ್ಷೀಸಪತ್ರಕ್ಕೆ ಇನ್ನೇನು ಬೇಕು? ನಮ್ಮ ಕಚೇರಿಗೆ ಬರುವ ಎಷ್ಟೋ ಪತ್ರಗಳಲ್ಲಿ ಇಷ್ಟು ವಿವರ ಇರುವದಿಲ್ಲ. ಮತ್ತು ಇದರ ವಯಸ್ಸು ಸಾವಿರದ ಏಳುನೂರು ವರ್ಷಗಳ ಮೇಲೆ.

ಒಂದೇ ಒಂದು ಕಲ್ಲಾಗಿದ್ದರೆ ಆಕಸ್ಮಿಕವೆನ್ನಬಹುದಾಗಿತ್ತು. ಅದರೆ ಬನವಾಸಿಯ ಹೆಸರು ದೂರದೂರದ ಸಾಕ್ಷಿಗಳ ಬಾಯಲ್ಲಿಯೂ ಬಂದಿದೆ. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಬೌದ್ಧ ಭಿಕ್ಷುವನ್ನು ವನವಾಸಕ್ಕೆ ಕಳಿಸಿದರೆಂದು ಸಿಂಹಳದ ‘ಮಹಾವಂಸ’ವು ಹೇಳುವದು. ಎರಡನೆಯ ಶತಮಾನದ ಗ್ರೀಕ ಭೂಗೋಲಕಾರ ಟಾಲೆಮಿಯ ಪಟ್ಟಿಯಲ್ಲಿ ಈ ಊರಿದೆ. ಕೃಷ್ಣಾ ತೀರದ ನಾಗಾರ್ಜುನಕೊಂಡದಲ್ಲಿ ಇಕ್ಷ್ವಾಕು ಅರಸನ ಮಗಳೊಬ್ಬಳು ತಾನು ವನವಾಸದ ಮಹಾರಾಜನ ಹೆಂಡತಿಯೆಂದು ಶಾಸನದಲ್ಲಿ ಹೇಳಿಕೊಂಡಿದ್ದಾಳೆ. ಬನವಾಸಿಯಲ್ಲಿಯೇ ಸಾತವಾಹನರ ವಾಸಿಷ್ಠೀಪುತ್ರ ಶಿವಶ್ರೀ ಪುಳುಮಾವಿಯ ರಾಣಿಯ ನೆನಪಿನ ಕಲ್ಲೂ ಸಿಕ್ಕಿದೆ. ೧೯೭೦ರ ನಂತರ ಇಲ್ಲಿ ನಡೆದ ಅಗೆತಗಳಲ್ಲಿ ಸಾತವಾಹನರ ಕಾಲದ ಇಟ್ಟಿಗೆಯ ಕಟ್ಟಡಗಳೂ ನಾಣ್ಯಗಳೂ ಹೊರಬಿದ್ದವು. ಸಿಂಹಳದವನಿಗೂ ಗ್ರೀಕನಿಗೂ ಆಂಧ್ರದ ರಾಜಪುತ್ರಿಗೂ ಬನವಾಸಿಯ ವಿಷಯದಲ್ಲಿ ಸುಳ್ಳು ಹೇಳಿ ಆಗಬೇಕಾದುದೇನೂ ಇರಲಿಲ್ಲ. ಇಂಥ ನಿಷ್ಪಕ್ಷಪಾತ ಸಾಕ್ಷಿಗಳು ಯಾವ ದಾವೆಯಲ್ಲಿಯಾದರೂ ಅಪರೂಪ.

ಇಷ್ಟು ಹೇಳುವಷ್ಟರಲ್ಲಿ ವಿದ್ಯಾರ್ಥಿಯೊಬ್ಬನು ನಮಗೆ ತೊಡಕಿನ ಪ್ರಶ್ನೆಯನ್ನೇ ಹಾಕಿದನು. “ನಾಗರ ಕಲ್ಲು ಪ್ರಾಕೃತದಲ್ಲಿ, ಗುಡ್ನಾಪುರದ್ದು ಸಂಸ್ಕೃತದಲ್ಲಿ, ತಾಳಗುಂದದ್ದೂ ಸಂಸ್ಕೃತದಲ್ಲಿ. ಹಾಗಾದರೆ ಕನ್ನಡವೆಲ್ಲಿ? ಕನ್ನಡಿಗರ ಮೊದಲ ರಾಜಧಾನಿಯೆಂದು ನಾವು ಹೇಗೆ ಅನ್ನಬೇಕು?” ತಾಯಂದಿರಲ್ಲಿ ಒಬ್ಬರು ಅವನನ್ನು ಗದರಿಸಹೋದರು. ಗದರಿಸಬಾರದು. ಎದುರು ಪಕ್ಷದ ವಕೀಲನು ಕೇಳುವ ಮೊದಲು ನಮ್ಮವನೇ ಕೇಳಿದರೆ ಅದು ನಮ್ಮ ಭಾಗ್ಯ.

ಅವನಿಗೆ ನಾವು ಕೊಟ್ಟ ಉತ್ತರವನ್ನು ತಮ್ಮ ಮುಂದೆಯೂ ಇಡುತ್ತೇವೆ. ಧಾರವಾಡ ಜಿಲ್ಲೆಯ ಎಷ್ಟೋ ಹಳೆಯ ಕನ್ನಡ ಮನೆತನಗಳ ಪೆಟ್ಟಿಗೆಯನ್ನು ತೆರೆದರೆ ಮೋಡಿ ಅಕ್ಷರದ ಮರಾಠಿ ಕಾಗದಗಳು ಸಿಕ್ಕುವವು. ಆಮೇಲಿನ ಕಾಲದ ಪತ್ರಗಳು ಇಂಗ್ಲಿಷಿನಲ್ಲಿ ಇರುವವು. ಆ ಮನೆಯವರು ಮೂರು ಹೊತ್ತೂ ಕನ್ನಡದಲ್ಲಿಯೇ ಉಂಡು, ಜಗಳಾಡಿ, ಜೋಗುಳ ಹಾಡಿದವರು. ದಫ್ತರದ ಭಾಷೆಯೇ ಮನೆಯ ಭಾಷೆಯೆಂದು ತಿಳಿದವನು ಮೋಸಹೋಗುವನು. ಅದೇ ನಿಯಮವನ್ನು ತಿರುಗಿಸಿಯೂ ಹಚ್ಚಬೇಕು. ನಾಗರ ಕಲ್ಲಿನಿಂದ ಚುಟು ಅರಸರು ಮನೆಯಲ್ಲಿ ಕನ್ನಡವನ್ನಾಡಿದರೆಂದು ಸಿದ್ಧವಾಗುವದಿಲ್ಲ, ಹಾಗೆ ವಾದಿಸಬಾರದು. ದಸ್ತಾವೇಜು ಕೊಟ್ಟಷ್ಟನ್ನೇ ಕೇಳಬೇಕು. ಅದು ಕೊಟ್ಟಿರುವದೂ ಸಣ್ಣದಲ್ಲ. ಕದಂಬರ ತಾಮ್ರಪಟಗಳು ಬಹುತರವಾಗಿ ಸಂಸ್ಕೃತದಲ್ಲಿವೆ, ನಿಜ. ಆದರೆ ೧೯೩೬ರಲ್ಲಿ ಬೆಳಕಿಗೆ ಬಂದ ಹಲ್ಮಿಡಿಯ ಶಾಸನವು, ಅಂದರೆ ೪೫೦ರ ಸುಮಾರಿನ ಕನ್ನಡ ಗದ್ಯವು, ಕದಂಬರ ಆಳಿಕೆಯ ಕಾಲದ್ದೇ. ಅದರಲ್ಲಿ ಕಾಕುಸ್ಥನ ಹೆಸರಿದೆ. ಅದಕ್ಕಿಂತ ಈಚೆಗೆ, ತಾಳಗುಂದದಲ್ಲಿ ೨೦೧೩ರ ಅಗೆತದಲ್ಲಿ ಸಿಕ್ಕ ಸಿಂಹಕಟಾಂಜನದ ಶಾಸನದಲ್ಲಿ ಕನ್ನಡವಿದೆ; ಅದನ್ನು ಕೆಲವು ವಿದ್ವಾಂಸರು ೩೭೦ರ ಸುಮಾರಿನದೆಂದು ನಿರ್ಣಯಿಸಿದ್ದಾರೆ. ಅಂದರೆ ಕನ್ನಡವು ಕಲ್ಲಿನ ಮೇಲೆ ಕಾಲಿಟ್ಟದ್ದು ಕದಂಬರ ನೆರಳಿನಲ್ಲಿ. ಇಷ್ಟನ್ನು ನಾವು ತಲೆಯೆತ್ತಿ ಹೇಳಬಹುದು. ಇದಕ್ಕಿಂತ ಹೆಚ್ಚು ಹೇಳುವ ಕಾರಣವೂ ಇಲ್ಲ.

ಮಧ್ಯಾಹ್ನದ ಊಟವು ಊರಿನ ಒಂದು ಮನೆಯಲ್ಲಿ. ತಂಬುಳಿ, ಅಪ್ಪೆಹುಳಿ, ಕೊನೆಗೆ ಉಪ್ಪು-ಕಾರ ಹಚ್ಚಿದ ಅನಾನಸಿನ ಹೋಳುಗಳು. ವೈದ್ಯರು ಉಪ್ಪಿನ ವಿಷಯದಲ್ಲಿ ಎರಡು ಮಾತು ಹೇಳಿ, ತಾವೇ ಮೂರನೆಯ ಸಾರೆ ಹಾಕಿಸಿಕೊಂಡರು.

ಊಟವಾದ ಮೇಲೆ ಕೋಟೆಯ ಕಡೆಗೆ ನಡೆದೆವು. ಕೋಟೆಯೆಂದರೆ ಚಿತ್ರದುರ್ಗವನ್ನು ನೆನೆಯಬಾರದು. ಇಟ್ಟಿಗೆಯ ಮತ್ತು ಜಂಬಿಟ್ಟಿಗೆ ಕಲ್ಲಿನ ಗೋಡೆಯ ಅವಶೇಷಗಳು ಅಲ್ಲಲ್ಲಿ ಕಾಣುವವು, ಅಷ್ಟೆ. ಈ ಊರಿನ ನಿಜವಾದ ಕೋಟೆಯು ವರದೆ. ಸಾಗರದ ಹತ್ತಿರದ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಮೂರು ಕಡೆಗೂ ಬಳಸಿ, ಹಾವೇರಿಯ ಸೀಮೆಯನ್ನು ಹಾಯ್ದು ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುವದು. ನಾವು ಹೋದಾಗ ಮೊಣಕಾಲುದ್ದದ ನೀರು. ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ಎಮ್ಮೆಗಳು ಮಲಗಿದ್ದವು. ಇದೇನು ದೊಡ್ಡ ಹೊಳೆಯೆಂದು ವಿದ್ಯಾರ್ಥಿಗಳು ನಕ್ಕರು. ಮಾರ್ಗದರ್ಶಕನಿಗೆ ಸಿಟ್ಟು ಬಂದಿತು. “ಆಷಾಢದಲ್ಲಿ ಬನ್ನಿ, ಗದ್ದೆ ಯಾವುದು, ಹೊಳೆ ಯಾವುದು ಎಂದು ನೀವೇ ಹೇಳಬೇಕು” ಎಂದನು. ಅವನ ಮಾತಿಗೆ ಐಹೊಳೆಯಲ್ಲಿ ಸಾಕ್ಷಿಯುಂಟು. ೬೩೪ರಲ್ಲಿ ರವಿಕೀರ್ತಿಯು ಮೇಗುಟಿಯ ಗುಡಿಯ ಗೋಡೆಯ ಮೇಲೆ ಬರೆಯಿಸಿದ ಶಾಸನದಲ್ಲಿ ಇಮ್ಮಡಿ ಪುಲಿಕೇಶಿಯು ಬನವಾಸಿಗೆ ಮುತ್ತಿಗೆ ಹಾಕಿದ ವರ್ಣನೆಯಿದೆ. ವರದೆಯ ಎತ್ತರದ ತೆರೆಗಳ ಮೇಲೆ ಆಡುವ ಹಂಸಗಳ ಸಾಲನ್ನು ಆ ಕವಿಯು ಊರಿಗೆ ಒಡ್ಯಾಣವಾಗಿ ತೊಡಿಸಿದ್ದಾನೆ. ಚಾಲುಕ್ಯರ ಸೇನೆಯು ಸಮುದ್ರದಂತೆ ಸುತ್ತಲೂ ಹರಡಿದ್ದರಿಂದ ನೆಲದ ಕೋಟೆಯು ನೀರಿನ ಕೋಟೆಯಾಗಿ ತೋರಿತೆಂದು ಹೇಳಿದ್ದಾನೆ. ಗೆದ್ದವನ ಕವಿಯು ಸೋತವರ ಊರನ್ನು ಹೀಗೆ ಹೊಗಳಿದ್ದು ಅಪರೂಪದ ಮಾತು. ದಂಡೆಯ ಮೇಲೆ ಕುಳಿತು ನಾವು ಈ ಭಾಗವನ್ನು ವಿವರಿಸಿದಾಗ, ಎಮ್ಮೆ ಕಾಯುವ ಮುದುಕರೊಬ್ಬರು ಹತ್ತಿರ ಬಂದು ಕುಳಿತು ಕೊನೆಯವರೆಗೂ ಕೇಳಿ, “ಊರು ಉಳೀತೋ?” ಎಂದು ಕೇಳಿದರು. ಉಳಿಯಿತೆಂದು ಹೇಳಿದೆವು.

ಉಳಿದದ್ದಷ್ಟೇ ಅಲ್ಲ, ಬೆಳೆಯಿತು. ಚಾಲುಕ್ಯರ, ರಾಷ್ಟ್ರಕೂಟರ ಕಾಲಗಳಲ್ಲಿ ಬನವಾಸಿ ಪನ್ನಿರ್ಛಾಸಿರವೆಂಬುದು ದೊಡ್ಡ ಪ್ರಾಂತವಾಗಿತ್ತು. ೯೪೧ರಲ್ಲಿ ಪಂಪನು ‘ವಿಕ್ರಮಾರ್ಜುನ ವಿಜಯ’ವನ್ನು ಬರೆದಾಗ, ತೀರ್ಥಯಾತ್ರೆಗೆ ಹೊರಟ ಅರ್ಜುನನನ್ನು ಈ ನಾಡಿಗೆ ಕರೆತಂದನು. ಕನ್ನಡ ಸಾಹಿತ್ಯದಲ್ಲಿ ಬನವಾಸಿಯನ್ನು ನೋಡಲು ಬಂದ ಮೊದಲ ಪ್ರವಾಸಿಕನು ಅರ್ಜುನನೇ ಎಂದು ನಾವು ನಗೆಯಾಡಿದೆವು. ಆ ಪದ್ಯಗಳು ತಮ್ಮೆಲ್ಲರ ನಾಲಗೆಯ ಮೇಲಿವೆ. ಇಲ್ಲಿ ಮತ್ತೆ ಹೇಳುವ ಕಾರಣವಿಲ್ಲ. ಆದರೆ ಪಂಪನ ಆಶ್ರಯದಾತನಾದ ಅರಿಕೇಸರಿಯ ಊರು ವೇಮುಲವಾಡವೆಂಬುದನ್ನೂ, ಪಂಪನ ತಮ್ಮ ಜಿನವಲ್ಲಭನು ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಬರೆಯಿಸಿದ ಕುರಿಕ್ಯಾಲದ ಶಾಸನವು ಅದೇ ಸೀಮೆಯದೆಂಬುದನ್ನೂ ಮರೆಯಬಾರದು. ಅವೆರಡೂ ಈಗ ತೆಲಂಗಾಣದಲ್ಲಿವೆ. ಅಷ್ಟು ದೂರದ ಆಸ್ಥಾನದಲ್ಲಿ ಕುಳಿತ ಕವಿಗೆ ವರದೆಯ ದಂಡೆಯ ನೆನಪು ಕಾಡಿತು.

ನಾಡು ಹಂಚಿಹೋದ ಸಂಗತಿಯನ್ನು ಇಲ್ಲಿ ಎರಡು ಮಾತುಗಳಲ್ಲಿ ಹೇಳಲೇಬೇಕು. ಬನವಾಸಿಗೆ ಅದು ನೇರವಾಗಿ ತಟ್ಟಿದ ಮಾತು. ಮಯೂರಶರ್ಮನು ತಾಳಗುಂದದವನು. ಕಂಚಿಯಲ್ಲಿ ಪಲ್ಲವರ ಕುದುರೆಯ ಸವಾರನೊಡನೆ ಜಗಳವಾಗಿ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದು, ೩೪೫ರ ಸುಮಾರಿಗೆ ರಾಜ್ಯ ಕಟ್ಟಿದನು. ಅವನು ಹುಟ್ಟಿದ ಊರಿಗೂ ಆಳಿದ ಊರಿಗೂ ನಡುವೆ ಎತ್ತಿನ ಗಾಡಿಯಲ್ಲಿ ಒಂದು ದಿನದ ದಾರಿ. ಆದರೆ ಬ್ರಿಟಿಷರ ಕಾಲದಲ್ಲಿ ತಾಳಗುಂದವು ಮೈಸೂರು ಸಂಸ್ಥಾನದಲ್ಲಿ. ಬನವಾಸಿಯು ಮೊದಲು ಮದ್ರಾಸ ಇಲಾಖೆಯಲ್ಲಿ, ೧೮೬೨ರಿಂದ ಮುಂಬಯಿ ಇಲಾಖೆಯಲ್ಲಿ. ತಾಳಗುಂದದ ಕಂಬವನ್ನು ರೈಸ್ ಸಾಹೇಬರು ೧೯೦೨ರ ಮೈಸೂರು ಶಾಸನಸಂಪುಟದಲ್ಲಿ ಶಿಕಾರಿಪುರ ತಾಲೂಕಿನ ೧೭೬ನೆಯ ಶಾಸನವಾಗಿ ಅಚ್ಚು ಹಾಕಿದರು. ಅದೇ ಕದಂಬರ ವಂಶಾವಳಿಯನ್ನು ಫ್ಲೀಟ್ ಸಾಹೇಬರು ೧೮೮೨ರಲ್ಲಿ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ಅರಸರೆಂದು ಬರೆದಿದ್ದರು. ಒಂದೇ ಮನೆತನದ ಕಾಗದಗಳು ಎರಡು ಕಚೇರಿಗಳಲ್ಲಿ! ಇಬ್ಬರೂ ನಮಗೆ ಮಹದುಪಕಾರ 

ಮಾಡಿದವರೇ, ಆದರೆ ಅಜ್ಜನ ಊರು ಒಂದು ಸರಕಾರದ ದಫ್ತರದಲ್ಲಿಯೂ ಮೊಮ್ಮಗನ ರಾಜಧಾನಿಯು ಇನ್ನೊಂದರ ದಫ್ತರದಲ್ಲಿಯೂ ಇರುವಾಗ ನಾಡಿನವರು ಅವೆರಡನ್ನೂ ಕೂಡಿಸಿ ಓದುವದೆಂತು? ೧೯೫೬ರ ನವೆಂಬರ ೧ರಂದು ಆ ಗಡಿಯು ಅಳಿಯಿತು. ೧೯೭೩ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ನಕಾಶೆಯು ಕೂಡಿತು. ಓದು ಕೂಡಿತೇ ಎಂಬುದೇ ಆ ದಿನವೆಲ್ಲ ನಮ್ಮನ್ನು ಕೊರೆದ ಪ್ರಶ್ನೆ.

ಏಕೆಂದರೆ ಬನವಾಸಿಗೆ ಮರ್ಯಾದೆಯ ಕೊರತೆಯೇನೂ ಇಲ್ಲ. ಸರಕಾರವು ಕದಂಬೋತ್ಸವವನ್ನು ನಡೆಸುವದು. ೧೯೮೭ರಲ್ಲಿ ಪಂಪ ಪ್ರಶಸ್ತಿಯನ್ನು ಸ್ಥಾಪಿಸಿ ಮೊದಲನೆಯದನ್ನು ಕುವೆಂಪು ಅವರಿಗೆ ಕೊಟ್ಟಿತು. ಉತ್ಸವದ ದಿನಗಳಲ್ಲಿ ದೀಪಗಳೇನು, ಮೆರವಣಿಗೆಯೇನು! ಆದರೆ ನಾಗರ ಕಲ್ಲಿನ ಮುಂದೆ ನಿಂತು, ಇದರಲ್ಲಿ ಏನು ಬರೆದಿದೆಯೆಂದು ಕೇಳಿದವರನ್ನು ತಾನು ಇದುವರೆಗೆ ಕಂಡಿಲ್ಲವೆಂದು ನಮ್ಮ ಮಾರ್ಗದರ್ಶಕನು ಹೇಳಿದನು. ಜನರು ಕೇಳುವದು ನಂದಿಯ ಕಣ್ಣನ್ನು, ಕಂಬದ ಬಿಂಬವನ್ನು. ಕೇಳಿದ್ದನ್ನು ಅವನು ಹೇಳುವನು. ಅವನ ದಿನದ ಸಂಪಾದನೆಯು ಅದರಲ್ಲಿದೆ. ಅವನನ್ನು ದೂರುವದು ಅನ್ಯಾಯ. ಅವನ ಕೈಗೆ ಕಲ್ಲಿನ ಓದನ್ನು ಕನ್ನಡದಲ್ಲಿ ಬರೆದು ಕೊಡದೆ, ಅವನು ಹೇಳುವದಿಲ್ಲವೆಂದು ಗೊಣಗುವ ನಮ್ಮಂಥ ಓದಿದವರನ್ನೇ ದೂರಬೇಕು. ಇಂಥ ಹತ್ತು ಊರುಗಳಿಗೆ ಹತ್ತು ಹತ್ತು ಪುಟದ ಚಿಕ್ಕ ಪುಸ್ತಕಗಳನ್ನು, ಅಲ್ಲಿಯ ಮಾರ್ಗದರ್ಶಕರಿಗಾಗಿಯೇ, ಶಾಸನ ಬಲ್ಲವರಿಂದ ಬರೆಯಿಸಿ ಪುಕ್ಕಟೆಯಾಗಿ ಹಂಚಿದರೆ ಒಂದು ಉತ್ಸವದ ದೀಪದ ವೆಚ್ಚವೂ ತಗಲಲಾರದೆಂದು ನಮ್ಮ ಅಡಕೆಯ ವ್ಯಾಪಾರಿಗಳು ಅಲ್ಲಿಯೇ ಬೆರಳೆಣಿಸಿ ಹೇಳಿದರು. ಬನವಾಸಿಯ ಪುಸ್ತಕದ ಮುದ್ರಣದ ಭಾರವನ್ನು ತಾವೇ ಹೊರುವದಾಗಿಯೂ ಒಪ್ಪಿದ್ದಾರೆ. ಈ ವಾಚನಾಲಯವು ಬರೆಯುವವರನ್ನು ಒದಗಿಸಿದರೆ ಮುಂದಿನ ರಥೋತ್ಸವದೊಳಗೆ ಕೆಲಸವಾಗುವದು. ಈ ಮಾತನ್ನು ಚಾಲಕರ ವಿಚಾರಕ್ಕೆ ಬಿಟ್ಟಿದ್ದೇವೆ.

ಅಂದು ತಕ್ಷಣಕ್ಕೆ ನಾವು ಮಾಡಿದ್ದಿಷ್ಟು. ಶಿಕ್ಷಕರೊಬ್ಬರ ವಹಿಯಿಂದ ಒಂದು ಹಾಳೆಯನ್ನು ಹರಿದು, ನಾಗರ ಕಲ್ಲಿನ ಸಾರಾಂಶವನ್ನು ಏಳೆಂಟು ಸಾಲುಗಳಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆವು. ಅವನು ಅದನ್ನು ಎರಡು ಸಾರೆ ಓದಿದನು. ಮೊದಲು ಅವನು ಕೇಳಿದ್ದು, “ವಕೀಲರೇ, ಈ ರಾಜನ ಮಗಳು ಕಟ್ಟಿಸಿದ ಕೆರೆ ಯಾವುದು?” ಎಂದು. ಸಾವಿರದ ಏಳುನೂರು ವರ್ಷಗಳ ಹಿಂದಿನ ಬಕ್ಷೀಸಪತ್ರದ ಆಸ್ತಿಯು ಸ್ಥಳದ ಮೇಲೆ ಎಲ್ಲಿದೆಯೆಂದು ಕೇಳಿದಂತಾಯಿತು. ಪಂಚನಾಮೆಗೆ ಹೊರಟ ಕಾರಕೂನನೂ ಇದಕ್ಕಿಂತ ಸರಿಯಾದ ಪ್ರಶ್ನೆ ಕೇಳಲಾರನು. ಅವನೂ ವಿದ್ಯಾರ್ಥಿಗಳೂ ಕೂಡಿ ಊರ ಸುತ್ತಲಿನ ಕೆರೆಗಳ ಹೆಸರುಗಳನ್ನು ಎಣಿಸುತ್ತ ಅಂಗಳದಲ್ಲಿಯೇ ಅರ್ಧ ಗಂಟೆ ಕಳೆದರು.

ನಾಲ್ಕು ಗಂಟೆಯ ಹೊತ್ತಿಗೆ ಹುಬ್ಬಳ್ಳಿಯ ಕಡೆಯಿಂದ ಇನ್ನೊಂದು ತಂಡವು ಬಂದಿತು. ಅವನು ನಮಗೆ ಕೈಮುಗಿದು ಅವರ ಕಡೆಗೆ ಹೋದನು. ನಾವು ಚಪ್ಪಲಿ ಮೆಟ್ಟುತ್ತಿರುವಾಗ ನೋಡುತ್ತೇವೆ, ಆನೆಗಳನ್ನು ಬಿಟ್ಟು, ನಂದಿಯನ್ನು ಬಿಟ್ಟು, ಅವರನ್ನು ನೇರವಾಗಿ ನಾಗರ ಕಲ್ಲಿನ ಮುಂದೆ ನಿಲ್ಲಿಸಿದ್ದಾನೆ. ಹಾಳೆಯು ಕೈಯಲ್ಲಿದೆ, ಆದರೆ ನೋಡುತ್ತಿಲ್ಲ. ರಾಜನ ಮಗಳು, ನಾಗ, ಕೆರೆ, ವಿಹಾರ, ಅಮಾತ್ಯ ಎಲ್ಲರನ್ನೂ ಸರಿಯಾಗಿ ಹೇಳಿದನು. ಕೊನೆಗೆ ಶಿಲ್ಪಿಯ ಹೆಸರಿಗೆ ಬಂದಾಗ, ಈ ನಟಕನ ಮನೆಯು ತಮ್ಮ ಓಣಿಯಲ್ಲಿಯೇ ಇತ್ತೆಂದು ಸೇರಿಸಿಬಿಟ್ಟನು. ಶಿಕ್ಷಕರು ನಮ್ಮ ಮೋರೆಯನ್ನು ನೋಡಿದರು. ನಾವು ಆಕ್ಷೇಪಣೆ ಎತ್ತಲಿಲ್ಲ.